ಒಂದೇ ಕೋಲು, ಎರಡು ಕೆಲಸ: ‘ಶೂಟಿಂಗ್ ಸ್ಟಿಕ್’ ಕೊಳ್ಳೋ ಮುಂಚೆ ಇಷ್ಟು ತಿಳ್ಕೊಂಡಿರಿ

ಮೊಬೈಲ್‌ನಲ್ಲಿ ‘ಟ್ರೆಕ್ಕಿಂಗ್ ಪೋಲ್’ ಅಂತ ಹುಡುಕಿದರೆ ಈಗ ಅದರ ಪಕ್ಕದಲ್ಲೇ ಇನ್ನೊಂದು ವಸ್ತುವೂ ಕಾಣಿಸುತ್ತೆ. ಹೆಸರು ‘ಶೂಟಿಂಗ್ ಸ್ಟಿಕ್’. ನೋಡೋಕೆ ಊರುಗೋಲಿನ ಹಾಗೇ ಇರುತ್ತೆ, ತುದಿಯಲ್ಲಿ ಮಾತ್ರ ಕವಣೆಯ ಕವೆ ಥರ ಒಂದು ‘ವೈ’ ಆಕಾರದ ಕೊಂಬು. ನಡೆಯುವಾಗ ಊರುಗೋಲು, ನಿಂತಾಗ ಕೋವಿಗೆ ಆಸರೆ ಅನ್ನೋದು ಮಾರುವವರ ಮಾತು.

ಮನೆಮನೆಯಲ್ಲಿ ಕೋವಿ ಇರುವ, ವರ್ಷದಲ್ಲಿ ನಾಲ್ಕು ತಿಂಗಳು ಕೆಸರು ತುಳಿಯುವ ಕೊಡಗಿನ ಜನಕ್ಕೆ ಇದು ಆಸೆ ಹುಟ್ಟಿಸುವ ವಸ್ತುವೇ ಸರಿ. ತೋಟದ ಇಳಿಜಾರಿಗೂ ಆಯ್ತು, ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುರಿ ಇಡೋಕೂ ಆಯ್ತು ಅಂತ ಅನ್ನಿಸಬಹುದು. ಆದರೆ ಈ ಕೋಲು ನಿಜಕ್ಕೂ ಎರಡೂ ಕೆಲಸ ಮಾಡುತ್ತಾ? ಯಾವುದನ್ನ ಕೊಂಡರೆ ದುಡ್ಡು ದಂಡ ಆಗಲ್ಲ? ನಮ್ಮಲ್ಲಿ ಕಾನೂನು ಏನು ಹೇಳುತ್ತೆ? ಒಂದೊಂದಾಗಿ ನೋಡೋಣ.

ಹೆಸರು ಒಂದೇ, ವಸ್ತು ಎರಡು

ಮೊದಲ ಗೊಂದಲ ಹೆಸರಿನಲ್ಲೇ ಇದೆ. ಇಂಗ್ಲೆಂಡಿನಲ್ಲಿ ಹಳಬರು ‘ಶೂಟಿಂಗ್ ಸ್ಟಿಕ್’ ಅಂದರೆ ಕೂರುವ ಕೋಲು ಅಂತಲೇ ಅರ್ಥ. ಮೇಲ್ಗಡೆ ಮಡಚುವ ಸಣ್ಣ ಸೀಟು, ಕೆಳಗೆ ನೆಲಕ್ಕೆ ಚುಚ್ಚುವ ಮೊನೆ. ಹಕ್ಕಿ ಬೇಟೆಗೆ, ಕುದುರೆ ರೇಸಿಗೆ ಹೋದವರು ಅದನ್ನ ನೆಟ್ಟು ಅರ್ಧ ಕೂತ ಹಾಗೆ ಒರಗಿಕೊಳ್ತಿದ್ರು. ಅದಕ್ಕೂ ಕೋವಿಗೆ ಆಸರೆ ಕೊಡುವುದಕ್ಕೂ ಸಂಬಂಧವಿಲ್ಲ. ಆನ್‌ಲೈನಲ್ಲಿ ಎರಡೂ ಒಂದೇ ಹೆಸರಿನಲ್ಲಿ ಬರುತ್ತೆ, ಫೋಟೋ ಸರಿಯಾಗಿ ನೋಡದೆ ಆರ್ಡರ್ ಮಾಡಿದರೆ ಕವೆಯ ಬದಲು ಸೀಟು ಬಂದು ಕೂರುತ್ತೆ.

ನಾವಿಲ್ಲಿ ಮಾತಾಡ್ತಿರೋದು ಎರಡನೆಯದು, ಅಂದರೆ ಕೋವಿಯನ್ನ ಇಟ್ಟು ಕೈ ನಡುಗದಂತೆ ಗುರಿ ಹಿಡಿಯುವ ಕೋಲು. ಇದರ ಚರಿತ್ರೆ ಹಳೇದು. ಆಲ್ಪ್ಸ್ ಪರ್ವತದ ಬೇಟೆಗಾರರು ‘ಬೆರ್ಗ್‌ಸ್ಟಾಕ್’ ಅನ್ನುವ ಹೇಜಲ್ ಮರದ ಉದ್ದ ಗಳುವನ್ನ ಹಿಡಿದು ಕಡಿದಾದ ಜಾಗದಲ್ಲಿ ಹತ್ತಿ ಇಳಿಯುತ್ತಿದ್ದರು, ಬಂದೂಕು ಎತ್ತಿದಾಗ ಅದೇ ಗಳು ಆಸರೆ. ಅಮೆರಿಕದ ಬಯಲಿನಲ್ಲಿ 19ನೇ ಶತಮಾನದ ಕಾಡೆಮ್ಮೆ ಬೇಟೆಗಾರರು ಎರಡು ಕಡ್ಡಿಯನ್ನ ಕತ್ತರಿ ಥರ ಕಟ್ಟಿ, ಕೂತು ಹೊಡೆಯುತ್ತಿದ್ದರು. ದಕ್ಷಿಣ ಆಫ್ರಿಕಾ, ನಮೀಬಿಯಾ ಕಡೆ ಮೂರು ಗಳುವನ್ನ ರಬ್ಬರ್ ಪಟ್ಟಿಯಲ್ಲಿ ಬಿಗಿದು ಮುಕ್ಕಾಲಿ ಮಾಡ್ಕೊಳ್ತಾರೆ. ಅಲ್ಲಿ ಹುಲ್ಲು ಎತ್ತರ, ಮಲಗಿ ಹೊಡೆದರೆ ಏನೂ ಕಾಣಲ್ಲ, ಹಾಗಾಗಿ ನಿಂತೇ ಹೊಡೆಯಬೇಕು. ಸ್ಕಾಟ್ಲೆಂಡ್, ಇಂಗ್ಲೆಂಡಿನಲ್ಲಿ ಜಿಂಕೆ ಬೇಟೆ ಕಾನೂನುಬದ್ಧ. ಅಲ್ಲಿನವರು ತರಕಾರಿ ಬಳ್ಳಿಗೆ ಕೊಡುವ ಕೋಲು ಎರಡನ್ನ ಸೇರಿಸಿ ಮನೆಯಲ್ಲೇ ಮಾಡಿಕೊಂಡು ಹೋಗುವುದೂ ಉಂಟು. ಇವತ್ತು ಅಂಗಡಿಗೆ ಬರುವ ಅಲ್ಯೂಮಿನಿಯಂ, ಕಾರ್ಬನ್ ಕೋಲುಗಳೆಲ್ಲ ಇದೇ ವಂಶದವು.

ಒಂದು ಕಾಲು, ಎರಡು ಕಾಲು, ಮೂರು ಕಾಲು

ಕೋಲು ಎಷ್ಟು ಕಾಲಿನದ್ದು ಅನ್ನೋದರ ಮೇಲೆ ಅದು ಏನು ಮಾಡಬಲ್ಲದು ಅನ್ನೋದು ನಿಂತಿದೆ.

ಒಂಟಿ ಕೋಲು: ಕೋವಿಯ ಮೂತಿ ಮೇಲೆ ಕೆಳಗೆ ಆಡುವುದನ್ನ ತಡೆಯುತ್ತೆ, ಎಡಕ್ಕೆ ಬಲಕ್ಕೆ ತೂಗುವುದನ್ನ ತಡೆಯಲ್ಲ. ನಡೆಯೋಕೆ ಮಾತ್ರ ಇದೇ ಉತ್ತಮ. ‘ಎರಡು ಕೆಲಸ’ ಅನ್ನೋ ಮಾತು ನಿಜಕ್ಕೂ ಒಪ್ಪುವುದು ಇದಕ್ಕೇ.

ಜೋಡಿ ಕೋಲು: ಕತ್ತರಿ ಥರ ಬಿಚ್ಚಿದರೆ ಎಡ ಬಲದ ತೂಗಾಟವೂ ಕಡಿಮೆ ಆಗುತ್ತೆ. ಹಿಂದೆ ಮುಂದೆ ಮಾತ್ರ ಸ್ವಲ್ಪ ಆಡುತ್ತೆ. ಕೆಲವು ಮಾದರಿಯಲ್ಲಿ ಎರಡು ಬೇರೆ ಬೇರೆ ಟ್ರೆಕ್ಕಿಂಗ್ ಪೋಲ್ ಇದ್ದು, ನಡೆಯುವಾಗ ಕೈಗೊಂದು, ನಿಂತಾಗ ಕ್ಲಿಪ್ ಹಾಕಿ ಒಂದು. ಈ ಉಪಾಯ ಒಳ್ಳೇದೇ, ಆದರೆ ಕ್ಲಿಪ್ ಗಟ್ಟಿ ಇರಬೇಕು.

ಮುಕ್ಕಾಲಿ: ಎಲ್ಲ ಕಡೆಯಿಂದಲೂ ಭದ್ರ. ಆದರೆ ಭಾರ, ದಪ್ಪ. ಮೂರು ಕಾಲನ್ನೂ ಕೂಡಿಸಿ ಊರುಗೋಲು ಮಾಡಿಕೊಂಡು ತೋಟ ಸುತ್ತುತ್ತೇನೆ ಅಂದರೆ ಅರ್ಧ ಗಂಟೆಯಲ್ಲಿ ತೋಳು ಸೋತುಹೋಗುತ್ತೆ.

ನಾಲ್ಕು ಕಾಲಿನದ್ದು: ಕೋವಿಯ ಮುಂಭಾಗ, ಹಿಂಭಾಗ ಎರಡಕ್ಕೂ ಆಸರೆ. ಯುರೋಪಿನಲ್ಲಿ ಚಾಲ್ತಿಯಲ್ಲಿದೆ. ನಡಿಗೆಗೆ ಅನುಕೂಲವಿಲ್ಲ.

ಲೆಕ್ಕ ಇಷ್ಟೇ: ಕಾಲು ಹೆಚ್ಚಾದಷ್ಟೂ ಗುರಿ ಭದ್ರ, ಆದರೆ ನಡಿಗೆ ಕಷ್ಟ. ನಿಮಗೆ ದಿನದಲ್ಲಿ ಹೆಚ್ಚು ಹೊತ್ತು ಯಾವ ಕೆಲಸ ಇದೆ ಅಂತ ನೋಡ್ಕೊಂಡು ಆರಿಸಿ. ಕೊಡಗಿನಲ್ಲಿ ಬಹುಪಾಲು ಜನಕ್ಕೆ ಉತ್ತರ ‘ನಡಿಗೆ’ಯೇ.

ಅಸಲಿ ಸಮಸ್ಯೆ ಎತ್ತರದ್ದು

ಮಾರುವವರು ಹೇಳದ ಸಂಗತಿ ಇದು. ನಡಿಗೆಗೆ ಬೇಕಾದ ಎತ್ತರವೇ ಬೇರೆ, ನಿಂತು ಗುರಿ ಇಡೋಕೆ ಬೇಕಾದ ಎತ್ತರವೇ ಬೇರೆ.

ಸಮತಟ್ಟು ನೆಲದಲ್ಲಿ ಟ್ರೆಕ್ಕಿಂಗ್ ಪೋಲ್ ಹಿಡಿದು ನಿಂತಾಗ ಮೊಣಕೈ ನೇರ ಕೋನಕ್ಕೆ, ಅಂದರೆ 90 ಡಿಗ್ರಿಗೆ ಬಾಗಿರಬೇಕು. ಐದೂವರೆ ಅಡಿ ಎತ್ತರದವರಿಗೆ ಇದು ಸುಮಾರು 115 ಸೆಂಟಿಮೀಟರ್ ಆಗುತ್ತೆ. ಅದೇ ವ್ಯಕ್ತಿ ನೆಟ್ಟಗೆ ನಿಂತು ಕೋವಿಯನ್ನ ಕವೆಯ ಮೇಲೆ ಇಡಬೇಕಾದರೆ ಕವೆ ಕಂಕುಳಿಗಿಂತ ಸ್ವಲ್ಪ ಮೇಲೆ, ಭುಜಕ್ಕಿಂತ ತುಸು ಕೆಳಗೆ ಬರಬೇಕು. ಅದು ಸುಮಾರು 135 ಸೆಂಟಿಮೀಟರ್. ಜೋಡಿ ಕೋಲು, ಮುಕ್ಕಾಲಿಯಲ್ಲಿ ಕಾಲು ಅಗಲಿಸಿ ನಿಲ್ಲಿಸಬೇಕು, ಹಾಗಾಗಿ ಕಾಲಿನ ಉದ್ದ ಇನ್ನೂ ಹತ್ತು ಹದಿನೈದು ಸೆಂಟಿಮೀಟರ್ ಜಾಸ್ತಿ ಬೇಕು.

ಸಾಮಾನ್ಯ ಟ್ರೆಕ್ಕಿಂಗ್ ಪೋಲ್‌ಗಳು ಪೂರ್ತಿ ಎಳೆದರೂ 130, 135ರ ಹತ್ತಿರ ನಿಂತುಬಿಡುತ್ತವೆ. ಹಾಗಾಗಿ ‘ಇದಕ್ಕೆ ಕವೆ ಸಿಕ್ಕಿಸಿದರೆ ಸಾಕು’ ಅಂತ ಕೊಟ್ಟರೆ ಎತ್ತರದವರು ಬೆನ್ನು ಬಗ್ಗಿಸಿ ಗುರಿ ಇಡಬೇಕಾಗುತ್ತೆ. ಬಗ್ಗಿದ ದೇಹ ನಡುಗುತ್ತೆ, ಆಸರೆ ಇಟ್ಟೂ ಪ್ರಯೋಜನವಿಲ್ಲ. ಇನ್ನೊಂದು ಕಡೆ, ಗುರಿಗೆ ಅಂತಲೇ ಮಾಡಿದ ಕೆಲವು ಕೋಲುಗಳು ಕುಗ್ಗಿಸಿದರೂ ನಡಿಗೆಗೆ ಎತ್ತರ ಆಗುತ್ತವೆ. ಎತ್ತರದ ಕೋಲು ಹಿಡಿದು ನಡೆದರೆ ಭುಜ ಮೇಲಕ್ಕೆದ್ದು ಕುತ್ತಿಗೆ ಹಿಡಿಯುತ್ತೆ.

ಆದ್ದರಿಂದ ಪ್ಯಾಕೆಟ್ ಮೇಲೆ ಎರಡು ಸಂಖ್ಯೆ ನೋಡಿ: ಕಡಿಮೆ ಎಂದರೆ ಎಷ್ಟು, ಹೆಚ್ಚು ಎಂದರೆ ಎಷ್ಟು. ನಿಮ್ಮ ನಡಿಗೆಯ ಅಳತೆ, ಗುರಿಯ ಅಳತೆ ಎರಡೂ ಆ ನಡುವೆ ಬಂದರೆ ಮಾತ್ರ ಅದು ಎರಡು ಕೆಲಸದ ಕೋಲು. ಇಲ್ಲಾಂದ್ರೆ ಒಂದೇ ಕೆಲಸದ್ದು, ಹೆಸರು ಮಾತ್ರ ಎರಡರದ್ದು.

ಇಳಿಜಾರಿನ ಲೆಕ್ಕವೂ ಇದೆ. ಹತ್ತುವಾಗ ಕೋಲನ್ನ ಐದರಿಂದ ಹತ್ತು ಸೆಂಟಿಮೀಟರ್ ಕುಗ್ಗಿಸಿ, ಇಳಿಯುವಾಗ ಅಷ್ಟೇ ಹಿಗ್ಗಿಸಿ. ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712 ಮೀಟರ್. ಇಂಥ ಬೆಟ್ಟದಲ್ಲಿ ಹತ್ತುವಾಗ ಉಸಿರು ಹೋದರೂ ಮೊಣಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಕೋಲು ಆ ಭಾರದಲ್ಲಿ ಒಂದು ಪಾಲನ್ನ ತೋಳಿಗೆ ದಾಟಿಸುತ್ತೆ.

ಲಾಕ್ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ

ಮಡಚುವ ಕೋಲಿನ ಜೀವ ಇರುವುದು ಅದರ ಲಾಕ್‌ನಲ್ಲಿ. ಮುಖ್ಯವಾಗಿ ಮೂರು ಥರ ಬರುತ್ತೆ.

ತಿರುಚುವ ಲಾಕ್ ಅಗ್ಗದ ಕೋಲುಗಳಲ್ಲಿ ಜಾಸ್ತಿ. ಒಳಗೆ ಪ್ಲಾಸ್ಟಿಕ್ ಬಿರಡೆ ಹಿಗ್ಗಿ ಕೊಳವೆಯನ್ನ ಹಿಡಿಯುತ್ತೆ. ನಮ್ಮ ಮಳೆಗೆ ಒಳಗೆ ನೀರು, ಮಣ್ಣು ಸೇರಿದರೆ ಹಿಡಿತ ತಪ್ಪುತ್ತೆ, ಭಾರ ಹಾಕಿದಾಗ ಸರಕ್ ಅಂತ ಕುಸಿಯುತ್ತೆ. ಒದ್ದೆ ಕೈಯಲ್ಲಿ ತಿರುಚೋದೂ ಕಷ್ಟ.

ಹೊರಗಡೆ ಮಡಚುವ ಲಿವರ್ ಲಾಕ್ ಮಳೆನಾಡಿಗೆ ಉತ್ತಮ. ಸಡಿಲಾದರೆ ಕಣ್ಣಿಗೆ ಕಾಣುತ್ತೆ, ಸ್ಕ್ರೂ ಒಂದು ಸುತ್ತು ಬಿಗಿದರೆ ಸರಿ ಹೋಗುತ್ತೆ.

ಮೂರನೆಯದು ಹಿಡಿಯಲ್ಲೇ ಇರುವ ಒತ್ತುಗುಂಡಿ ಅಥವಾ ಟ್ರಿಗರ್. ಪ್ರೈಮೋಸ್ ಕಂಪನಿಯ ‘ಟ್ರಿಗರ್ ಸ್ಟಿಕ್’ ಈ ಥರದ್ದು. ಅದನ್ನ ಅಮುಕಿದರೆ ಕಾಲು ತಾನಾಗೇ ಜಾರಿ ಉದ್ದ ಆಗುತ್ತೆ, ಬಿಟ್ಟರೆ ನಿಲ್ಲುತ್ತೆ. ಗುರಿ ಇಡೋರಿಗೆ ಒಂದೇ ಕೈಯಲ್ಲಿ ಎತ್ತರ ಬದಲಿಸೋದು ಸಲೀಸು. ಆದರೆ ಊರುಗೋಲಾಗಿ ಬಳಸುವಾಗ ಇದೇ ಅಪಾಯ. ಜಾರಿದಾಗ ಮನುಷ್ಯ ಗಾಬರಿಯಲ್ಲಿ ಕೈಯನ್ನ ಬಿಗಿ ಹಿಡೀತಾನೆ. ಆ ಹಿಡಿತದಲ್ಲಿ ಗುಂಡಿ ಒತ್ತಿಹೋದರೆ, ಆಸರೆ ಬೇಕಾದ ಕ್ಷಣದಲ್ಲೇ ಕೋಲು ಕುಸಿಯುತ್ತೆ. ಇಂಥದ್ದನ್ನ ಕೊಳ್ಳುವವರು ನಡೆಯುವಾಗ ಕೈ ಗುಂಡಿಯಿಂದ ದೂರ ಹಿಡಿಯೋಕೆ ಬೇರೆ ಜಾಗ ಇದೆಯಾ ಅಂತ ನೋಡಿ. ಮನೆಯ ವಯಸ್ಸಾದವರಿಗಂತೂ ಇದನ್ನ ಕೊಡಲೇಬೇಡಿ.

ಪರೀಕ್ಷೆ ಸುಲಭ. ಅಂಗಡಿಯಲ್ಲೇ ಕೋಲನ್ನ ನಿಮ್ಮ ಅಳತೆಗೆ ಎಳೆದು ಲಾಕ್ ಹಾಕಿ. ಸೇರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಮೈಭಾರ ಹಾಕಿ ಹತ್ತು ಸಲ ಊರಿ. ಗೆರೆ ಒಂದು ಕೂದಲೆಳೆ ಸರಿದಿದ್ದರೂ ವಾಪಸ್ ಕೊಡಿ. ಅಂಗಡಿಯವರೂ ಇದಕ್ಕೆ ಬೇಜಾರು ಮಾಡ್ಕೋಬಾರದು. ಗಿರಾಕಿ ಬಿದ್ದು ಬಂದು ಜಗಳ ಆಡೋದಕ್ಕಿಂತ ಅಂಗಡಿಯಲ್ಲೇ ಗೊತ್ತಾಗೋದು ವಾಸಿ.

ಅಲ್ಯೂಮಿನಿಯಮ್ಮಾ, ಕಾರ್ಬನ್ನಾ, ಬಿದಿರಾ?

ಕಾರ್ಬನ್ ಹಗುರ, ಬೆಲೆ ಜಾಸ್ತಿ. ಉದ್ದುದ್ದಕ್ಕೆ ಭಾರ ಹಾಕಿದರೆ ಗಟ್ಟಿ, ಆದರೆ ಅಡ್ಡ ಪೆಟ್ಟು ತಾಗಿದರೆ, ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಪಟ್ ಅಂತ ಮುರಿಯುತ್ತೆ. ಮುನ್ಸೂಚನೆ ಇರಲ್ಲ. ಅಲ್ಯೂಮಿನಿಯಂ ಬಗ್ಗುತ್ತೆ, ಆದರೆ ಬಗ್ಗಿದ ಕೋಲು ಹಿಡ್ಕೊಂಡೂ ಮನೆ ಸೇರಬಹುದು. ಪ್ಯಾಕೆಟ್ ಮೇಲೆ 7075 ಅಂತ ಇದ್ದರೆ ಅದು 6061ಕ್ಕಿಂತ ಗಟ್ಟಿ ಮಿಶ್ರಲೋಹ. ಕಲ್ಲು, ಬೇರು, ಕಾಫಿ ಗಿಡದ ಬುಡ ಇರುವ ನಮ್ಮ ಜಾಗಕ್ಕೆ ಅಲ್ಯೂಮಿನಿಯಮ್ಮೇ ಸಾಕು.

ಎರಡು ತುಂಡಿನ ಕೋಲು ಮೂರು ತುಂಡಿನದಕ್ಕಿಂತ ಭದ್ರ, ಏಕೆಂದರೆ ಸಡಿಲಾಗುವ ಜಾಗ ಒಂದು ಕಡಿಮೆ. ಬಸ್ಸಿನಲ್ಲಿ, ಬ್ಯಾಗಿನಲ್ಲಿ ಹಾಕ್ಕೊಂಡು ಹೋಗೋರಿಗೆ ಮಾತ್ರ ಮೂರು ತುಂಡಿನದ್ದು ಬೇಕಾಗುತ್ತೆ.

ದುಡ್ಡು ಖರ್ಚು ಮಾಡದೆಯೂ ಆಗುತ್ತೆ. ಸ್ವಂತ ತೋಟದಲ್ಲಿ ಬಲಿತ ಬಿದಿರು ಇದ್ದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಎರಡು ಗಳು ಕಡಿದು, ನೆರಳಲ್ಲಿ ಒಣಗಿಸಿ. ಮೇಲ್ತುದಿಯಿಂದ ಒಂದು ಗೇಣು ಕೆಳಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನ ಎಂಟರ ಆಕಾರದಲ್ಲಿ ಬಿಗಿಯಿರಿ. ಅಗಲಿಸಿದರೆ ಮೇಲೆ ತಾನಾಗೇ ಕವೆ, ಕೂಡಿಸಿದರೆ ಒಂದೇ ಊರುಗೋಲು. ಆಫ್ರಿಕಾದವರು ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಎತ್ತರ ಬದಲಿಸಬೇಕು ಅಂದರೆ ಕಾಲನ್ನ ಹೆಚ್ಚು ಕಡಿಮೆ ಅಗಲಿಸಿದರಾಯ್ತು. ಲಾಕ್ ಇಲ್ಲ, ಹಾಗಾಗಿ ಕುಸಿಯೋ ಭಯವೂ ಇಲ್ಲ. ಕಾಡಿನಿಂದ ಮಾತ್ರ ಕಡಿಯಬೇಡಿ, ಅದು ಇಲಾಖೆಯ ಸ್ವತ್ತು.

ಮೊನೆ, ಹಿಡಿ, ಪಟ್ಟಿ

ಮೊನೆಯಲ್ಲಿ ಎರಡು ಥರ. ಟಂಗ್‌ಸ್ಟನ್ ಕಾರ್ಬೈಡ್ ಮೊನೆ ಮಣ್ಣು, ಬೇರು, ಗರಸಿನ ಮೇಲೆ ಕಚ್ಚಿ ನಿಲ್ಲುತ್ತೆ. ರಬ್ಬರ್ ಟೋಪಿ ಟಾರು ರಸ್ತೆ, ಸಿಮೆಂಟ್, ಮನೆಯ ರೆಡ್‌ಆಕ್ಸೈಡ್ ನೆಲಕ್ಕೆ. ಪಾಚಿ ಹಿಡಿದ ಒದ್ದೆ ಬಂಡೆಯ ಮೇಲೆ ಎರಡನ್ನೂ ಪೂರ್ತಿ ನಂಬಬೇಡಿ, ಅಲ್ಲಿ ಹೆಜ್ಜೆಯೇ ಚಿಕ್ಕದಾಗಿರಲಿ. ಕೆಸರಿನಲ್ಲಿ ಕೋಲು ಹೂತುಹೋಗದ ಹಾಗೆ ಮೊನೆಯ ಮೇಲೆ ಒಂದು ಪ್ಲಾಸ್ಟಿಕ್ ಬಿಲ್ಲೆ ಬರುತ್ತೆ. ಅಗಲದ ಬಿಲ್ಲೆ ಗದ್ದೆ ಬದುವಿಗೆ ಒಳ್ಳೇದು.

ಹಿಡಿ ಗಟ್ಟಿ ಪ್ಲಾಸ್ಟಿಕ್ ಆದರೆ ಬೆವರು, ಮಳೆಗೆ ಜಾರುತ್ತೆ. ಫೋಮ್ ಮೆತ್ತಗಿರುತ್ತೆ, ನೀರು ಕುಡಿಯುತ್ತೆ. ಕಾರ್ಕ್ ಅಥವಾ ಗೀರು ಇರುವ ರಬ್ಬರ್ ಹಿಡಿ ಮಳೆಗಾಲಕ್ಕೆ ವಾಸಿ.

ಮಣಿಕಟ್ಟಿನ ಪಟ್ಟಿಗೆ ಕೈಯನ್ನ ಕೆಳಗಿನಿಂದ ತೂರಿಸಿ, ಆಮೇಲೆ ಪಟ್ಟಿಯ ಸಮೇತ ಹಿಡಿಯನ್ನ ಹಿಡಿಯಿರಿ. ಆಗ ಭಾರ ಬೆರಳಿನ ಮೇಲೆ ಬೀಳದೆ ಮಣಿಕಟ್ಟಿನ ಮೇಲೆ ಬೀಳುತ್ತೆ.

ಇನ್ನು ಆ ಕವೆ. ನಡೆಯುವಾಗ ಅದು ನಿಮ್ಮ ಎದೆ, ಮುಖದ ನೇರಕ್ಕೇ ಇರುತ್ತೆ. ಮುಂದಕ್ಕೆ ಮುಗ್ಗರಿಸಿದರೆ ಕಣ್ಣಿಗೇ ಬೀಳಬಹುದು. ಆದ್ದರಿಂದ ಬಿಚ್ಚಿ ಜೇಬಿಗೆ ಹಾಕಬಹುದಾದ ಕವೆ ಇರುವ ಕೋಲನ್ನೇ ತಗೊಳ್ಳಿ. ಕವೆ ಬಿಚ್ಚಿದ ಜಾಗದಲ್ಲಿ ಕಾಲಿಂಚಿನ ಸ್ಕ್ರೂ ಇದ್ದರೆ ಅದಕ್ಕೆ ಕ್ಯಾಮೆರಾ ಕೂರುತ್ತೆ. ಹಕ್ಕಿ ಫೋಟೋ ತೆಗೆಯೋ ಹುಡುಗರಿಗೆ ಇದು ಬಲು ಉಪಯೋಗ. ಕಾಡಿನ ಪ್ರಾಣಿಯ ಕಡೆಗೆ ನಾವು ಗುರಿ ಇಡಬಹುದಾದ ‘ಶೂಟಿಂಗ್’ ಅದೊಂದೇ.

ಕಾನೂನು ಎಲ್ಲಿ ನಿಲ್ಲುತ್ತೆ?

ಈ ಕೋಲಿನ ಜಾಹೀರಾತಿನಲ್ಲೆಲ್ಲ ಜಿಂಕೆ, ಹಂದಿ, ಬೇಟೆಯ ಚಿತ್ರಗಳೇ. ಅವೆಲ್ಲ ಬೇರೆ ದೇಶದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನ ನಿಷೇಧಿಸಿದೆ. ಕೊಲ್ಲುವುದು ಮಾತ್ರ ಅಲ್ಲ, ಬಲೆ, ಉರುಳು ಹಾಕುವುದು, ವಿಷ ಇಡುವುದು, ಓಡಿಸಿ ಬೀಳಿಸುವುದು, ಇದಕ್ಕೆಲ್ಲ ಪ್ರಯತ್ನ ಪಡುವುದು ಕೂಡ ಕಾಯ್ದೆಯ ಕಣ್ಣಿನಲ್ಲಿ ಬೇಟೆಯೇ. ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು.

‘ನಮಗೆ ಕೋವಿ ಹಕ್ಕು ಇದೆಯಲ್ಲ?’ ಅನ್ನೋರಿಗೆ ಉತ್ತರ: ಅದು ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ. ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಆ ಪರಂಪರೆಯ ಮುಂದುವರಿಕೆಯಾಗಿ ಈಗ ಕೊಡವ ಜನಾಂಗದವರಿಗೆ, ಜಮ್ಮಾ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನ 2029ರ ಅಕ್ಟೋಬರ್ ತನಕ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಈ ಯಾವುದರಲ್ಲೂ ಕಾಡುಪ್ರಾಣಿಗೆ ಗುಂಡು ಹೊಡೆಯಬಹುದು ಅಂತ ಇಲ್ಲ.

ಬೆಳೆ ಹಾಳು ಮಾಡುವ ಹಂದಿಯ ಮಾತೇನು? ತೋಟದವರ ಸಂಕಟ ಸುಳ್ಳಲ್ಲ. ಆದರೆ ಜೀವಕ್ಕೆ, ನಿಂತ ಬೆಳೆಗೆ ಅಪಾಯ ಆದ ಪ್ರಾಣಿಯ ವಿಷಯದಲ್ಲೂ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ. ಮೊದಲು ಮಾಡಬೇಕಾದ್ದು ನಷ್ಟದ ಫೋಟೋ ತೆಗೆದು ಇಲಾಖೆಗೆ ಪರಿಹಾರದ ಅರ್ಜಿ ಹಾಕುವುದು. ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಮಾಡಿದ್ದು ಅಪರಾಧ ಅಲ್ಲ ಅಂತ ಕಾಯ್ದೆಯೇ ಹೇಳುತ್ತೆ. ಆದರೆ ಶೂಟಿಂಗ್ ಸ್ಟಿಕ್ ನೆಟ್ಟು, ಕಾದು ನಿಂತು ಹೊಡೆದವರು ‘ಆತ್ಮರಕ್ಷಣೆ’ ಅಂದರೆ ಯಾರೂ ನಂಬಲ್ಲ. ಆ ಕೋಲೇ ಎದುರು ಸಾಕ್ಷಿ.

ಇನ್ನೊಂದು ಸೂಕ್ಷ್ಮ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಮೂರೂ ವನ್ಯಜೀವಿಧಾಮಗಳು. ಅವುಗಳೊಳಗೆ ಅನುಮತಿ ಇಲ್ಲದೆ ಆಯುಧ ತಗೊಂಡು ಹೋಗುವುದೇ ಅಪರಾಧ, ಗುಂಡು ಹಾರಿಸಬೇಕೆಂದೇನೂ ಇಲ್ಲ. ಚಾರಣಕ್ಕೆ ಕೋಲು ಹೋಗಲಿ, ಕೋವಿ ಮನೆಯಲ್ಲೇ ಇರಲಿ.

ಸ್ಪರ್ಧೆಗೆ ಈ ಕೋಲು ನಡೆಯುತ್ತಾ?

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸೊಗಸು ಇರುವುದೇ ತೋಳಿನ ಸ್ಥಿರತೆಯಲ್ಲಿ. ಅಂತರರಾಷ್ಟ್ರೀಯ ನಿಯಮದ ರೈಫಲ್ ಸ್ಪರ್ಧೆಯಲ್ಲಿ ನಿಂತು ಹೊಡೆಯುವಾಗ ಆಯುಧ ಬೇರೆ ಯಾವ ವಸ್ತುವಿಗೂ ತಾಗಬಾರದು. ಊರಿನ ಸ್ಪರ್ಧೆಯಲ್ಲಿ ಸಂಘಟಕರ ಮಾತೇ ನಿಯಮ, ಹೆಸರು ಕೊಡುವಾಗಲೇ ಕೇಳ್ಕೊಳ್ಳಿ. ಸ್ಪರ್ಧೆಗೆ ಆಗದಿದ್ದರೂ ಕಲಿಕೆಗೆ ಇದು ಒಳ್ಳೆಯ ಸಾಧನ. ಹೊಸದಾಗಿ ಕಲಿಯುವವರಿಗೆ ಕೋವಿಯ ಭಾರ ಹೊರುವ ಚಿಂತೆ ಇಲ್ಲದೆ, ಉಸಿರು ಹಿಡಿಯುವುದು, ಕುದುರೆಯನ್ನ ಮೆತ್ತಗೆ ಎಳೆಯುವುದು ಅಭ್ಯಾಸ ಆಗುತ್ತೆ. ಆಮೇಲೆ ಕೋಲು ತೆಗೆದು ಹೊಡೆಯಲಿ.

ಕವೆಯ ಮೇಲೆ ನಳಿಗೆಯನ್ನ ಇಡಬೇಡಿ, ಕೆಳಗಿನ ಮರದ ಭಾಗವನ್ನ ಇಡಿ. ನಳಿಗೆಯೇ ಕವೆಗೆ ಒತ್ತಿದರೆ ಗುಂಡು ಬೀಳುವ ಜಾಗ ಬದಲಾಗುತ್ತೆ.

ಕೋಲು ಹಿಡಿದ ಕೈ, ಕೋವಿ ಹಿಡಿದ ಕೈ

ಒಂದು ಕೈಯಲ್ಲಿ ಕೋಲು ಬಂತು ಅಂದರೆ ಕೋವಿಗೆ ಉಳಿಯೋದು ಒಂದೇ ಕೈ. ಹಾಗಾಗಿ ಈ ನಾಲ್ಕು ಮಾತು ಮರೆಯಬೇಡಿ.

ನಡೆಯುವಾಗ ಕೋವಿ ಖಾಲಿ ಇರಲಿ. ಮಡಚುವ ಕೋವಿಯಾದರೆ ಮಡಚಿ, ತೋಟಾ ಜೇಬಿನಲ್ಲಿ. ಬೇಲಿ, ತೋಡು, ಕಟ್ಟೆ ದಾಟುವ ಮುಂಚೆ ಇನ್ನೊಮ್ಮೆ ನೋಡಿ.

ಕೋವಿಯನ್ನೇ ಊರುಗೋಲು ಮಾಡಬೇಡಿ. ಮೂತಿಗೆ ಮಣ್ಣು ಮೆತ್ತಿಕೊಂಡ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಹೋಗೋದು ಹೊಡೆದವರ ಕೈ, ಕಣ್ಣು.

ಕೋವಿಯನ್ನ ಕವೆಯ ಮೇಲೆ ಬಿಟ್ಟು ಆಚೆ ಹೋಗಬೇಡಿ. ಗಾಳಿ, ನಾಯಿ, ಮಗು ಯಾವುದು ತಾಗಿದರೂ ಬೀಳುತ್ತೆ.

ಸರಿಯಾಗಿ ಕಾಣದ ಗುರಿಗೆ ಕೋವಿ ಎತ್ತಲೇಬೇಡಿ. ಹಂದಿ ಅಂದ್ಕೊಂಡು ಜೊತೆಯವನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡು, ಕೊಡಗಿಗೆ ಹೊಸದಲ್ಲ. ಆಸರೆ ಇದ್ದರೆ ಕೈ ನಡುಗಲ್ಲ ನಿಜ, ಆದರೆ ತಪ್ಪು ಗುರಿಗೂ ಗುಂಡು ಅಷ್ಟೇ ನೇರ ಹೋಗುತ್ತೆ. ಹಬ್ಬದ ಸಂಭ್ರಮಕ್ಕೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿ ಪ್ರಕಾರ 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ.

ಮನೆಯ ಹಿರಿಯರಿಗೆ ಬೇರೆಯದೇ ಕೋಲು

ಒಂದು ತಪ್ಪು ತಿಳಿವಳಿಕೆ ಬಿಡಬೇಕು. ತೋಟ ಸುತ್ತುವವರ ಕೋಲು ಬೇರೆ, ಮೊಣಕಾಲು ನೋವಿನ ಅಜ್ಜನ ಕೋಲು ಬೇರೆ. ಹಿರಿಯರಿಗೆ ಕವೆ, ಟ್ರಿಗರ್, ಮೂರು ತುಂಡು ಯಾವುದೂ ಬೇಡ. ಅಂಗೈ ಪೂರ್ತಿ ಊರುವ ಅಡ್ಡ ಹಿಡಿ, ಒಂದೇ ತುಂಡಿನ ಗಟ್ಟಿ ಕೋಲು, ಅಗಲದ ರಬ್ಬರ್ ಬುಡ ಸಾಕು. ಎತ್ತರ ಅಳೆಯುವುದು ಹೀಗೆ: ದಿನಾ ಹಾಕುವ ಚಪ್ಪಲಿ ಹಾಕಿ, ತೋಳು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿ. ನೆಲದಿಂದ ಮಣಿಕಟ್ಟಿನ ಗೆರೆಯ ತನಕ ಎಷ್ಟೋ ಅಷ್ಟೇ ಕೋಲಿನ ಎತ್ತರ. ಹಿಡಿದಾಗ ಮೊಣಕೈ ಸ್ವಲ್ಪ ಮಾತ್ರ ಬಾಗಿರುತ್ತೆ.

ನೋವು ಬಲಗಾಲಿಗೆ ಇದ್ದರೆ ಕೋಲು ಎಡಗೈಯಲ್ಲಿ ಇರಬೇಕು, ನೋವಿನ ಕಾಲು ಮತ್ತು ಕೋಲು ಒಟ್ಟಿಗೆ ಮುಂದಕ್ಕೆ ಹೋಗಬೇಕು. ಬಹಳ ಜನ ನೋವಿರುವ ಕಡೆಗೇ ಕೋಲು ಹಿಡೀತಾರೆ, ಅದು ಸರಿಯಲ್ಲ. ರಬ್ಬರ್ ಬುಡದ ಗೀರು ಸವೆದು ನುಣ್ಣಗಾದ ದಿನವೇ ಬದಲಿಸಿ. ಸವೆದ ರಬ್ಬರ್ ಒದ್ದೆ ಸಿಮೆಂಟಿನ ಮೇಲೆ ಸೋಪಿನ ಹಾಗೆ ಜಾರುತ್ತೆ. ಪದೇಪದೇ ತಲೆಸುತ್ತಿ ಬೀಳುವವರಿಗೆ ಕೋಲು ಕೊಡಿಸಿ ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ಇನ್ನು ಯಾವ ಕೋಲಾದರೂ ಆನೆಯ ಮುಂದೆ ಕಡ್ಡಿಯೇ. ಮುಂಜಾನೆ, ಮುಸ್ಸಂಜೆ ಆನೆ ಸಂಚಾರದ ಸುದ್ದಿ ಇರುವ ತೋಟಕ್ಕೆ ಕೋಲಿನ ಧೈರ್ಯದಲ್ಲಿ ಒಬ್ಬರೇ ಹೋಗಬೇಡಿ.

ಅಂಗಡಿಯವರಿಗೆ ನಾಲ್ಕು ಮಾತು

ಹಾರ್ಡ್‌ವೇರ್, ಫ್ಯಾನ್ಸಿ, ಸ್ಪೋರ್ಟ್ಸ್ ಅಂಗಡಿಯವರು ಶೂಟಿಂಗ್ ಸ್ಟಿಕ್ ರಾಶಿ ತರಿಸುವ ಅಗತ್ಯ ಇಲ್ಲ. ಲಿವರ್ ಲಾಕ್ ಇರುವ ಅಲ್ಯೂಮಿನಿಯಂ ಟ್ರೆಕ್ಕಿಂಗ್ ಪೋಲ್ ಒಂದೆರಡು ಮಾದರಿ, ಹಿರಿಯರ ಅಡ್ಡ ಹಿಡಿಯ ಕೋಲು ಒಂದು ಮಾದರಿ ಇದ್ದರೆ ಬಹುಪಾಲು ಗಿರಾಕಿಗೆ ಸಾಕು. ಅದಕ್ಕಿಂತ ಮುಖ್ಯ ಬಿಡಿಭಾಗ: ರಬ್ಬರ್ ಬುಡ, ಮೊನೆಯ ಟೋಪಿ, ಕೆಸರಿನ ಬಿಲ್ಲೆ. ಕೋಲು ಕೊಂಡವರು ಹುಡುಕಿಕೊಂಡು ಮತ್ತೆ ಬರುವುದು ಇದಕ್ಕೇ. ಕೋಲಿನ ದಪ್ಪ ಒಂದೇ ಇರಲ್ಲ, ಹಾಗಾಗಿ ಮೂರ್ನಾಲ್ಕು ಅಳತೆಯ ರಬ್ಬರ್ ಇಟ್ಟುಕೊಳ್ಳಿ.

ಮಳೆಗಾಲ ಶುರುವಾಗೋ ಮುಂಚೆ ಒಂದು ಸಲ, ಅಕ್ಟೋಬರಿನಲ್ಲಿ ತೀರ್ಥೋದ್ಭವ ಮತ್ತು ಚಾರಣದ ಕಾಲಕ್ಕೆ ಇನ್ನೊಂದು ಸಲ ಸ್ಟಾಕ್ ನೋಡಿಕೊಂಡರಾಯ್ತು. ‘ಹಂಟಿಂಗ್’ ಅಂತ ದೊಡ್ಡದಾಗಿ ಬರೆದ ಪೆಟ್ಟಿಗೆಯನ್ನ ಮುಂದೆ ಜೋಡಿಸಿ ಮಾರುವುದಕ್ಕಿಂತ ‘ನಡಿಗೆ, ಕ್ಯಾಮೆರಾ, ಅಭ್ಯಾಸ’ ಅಂತ ಹೇಳಿ ಮಾರುವುದು ಮರ್ಯಾದೆ.

ಕೊಳ್ಳುವಾಗ ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಪಟ್ಟಿ

1. ನನಗೆ ಹೆಚ್ಚು ಬೇಕಾದ್ದು ನಡಿಗೆಯಾ, ಗುರಿಯಾ?
2. ನಡಿಗೆಯ ಎತ್ತರ, ಗುರಿಯ ಎತ್ತರ ಎರಡೂ ಈ ಕೋಲಿನಲ್ಲಿ ಬರುತ್ತಾ?
3. ಲಾಕ್ ಹತ್ತು ಸಲ ಊರಿದರೂ ಸರಿಯದೆ ನಿಂತಿತಾ?
4. ಕವೆ ಬಿಚ್ಚೋಕೆ ಬರುತ್ತಾ?
5. ರಬ್ಬರ್ ಬುಡ, ಬಿಲ್ಲೆ ನಮ್ಮೂರಲ್ಲೇ ಸಿಗುತ್ತಾ?
6. ಆನ್‌ಲೈನ್ ಆದರೆ ವಾಪಸ್ ಕೊಡಬಹುದಾ? ಹೊರದೇಶದಿಂದ ಬರುವುದಾದರೆ ಸುಂಕ ಸೇರಿ ಒಟ್ಟು ಎಷ್ಟು?

ಈ ಆರರಲ್ಲಿ ಎರಡು, ಮೂರಕ್ಕೆ ‘ಇಲ್ಲ’ ಅಂತ ಬಂದರೆ ಆ ಕೋಲು ಬೇಡ. ಬರೀ ನಡಿಗೆಗೆ ಅಂತಿದ್ದರೆ ಎರಡು ಕೆಲಸದ ಕೋಲಿಗೆ ಹೆಚ್ಚು ದುಡ್ಡು ಸುರಿಯುವುದೂ ಬೇಡ. ಒಳ್ಳೆಯ ಲಾಕ್ ಇರುವ ಸಾದಾ ಟ್ರೆಕ್ಕಿಂಗ್ ಪೋಲ್, ಅದೂ ಬೇಡ ಅಂದರೆ ತೋಟದ ಬಲಿತ ಬಿದಿರು, ಜೂನ್‌ನ ಕೆಸರಿಗೆ ಧಾರಾಳ ಸಾಕು.